ತೋಪಿನವನ ಮುಖ

ಯಳಂದೂರು
8 ಜೂನ್ 2025

ಪ್ರೀತಿಯ ಗುರುಬಸಮ್ಮನಿಗೆ,

ಈ ಕಾಗದ ನಿನ್ನ ಹಿಟ್ಟಿನ ಮಿಲ್ಲಿಗೇ ಬರುತ್ತದೆ, ನೀನು ರಾಗಿಹಿಟ್ಟಿನ ಕೈಯಲ್ಲೇ ಒಡೆಯುತ್ತೀ ಅಂತ ಗೊತ್ತು. ವಸಿ ಕೈ ಒರೆಸಿಕೋ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆಟದ ಸಮಾಚಾರ ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಬರೆದು ಕಳಿಸಿದರೆ ಮಾತ್ರ ನಡೆ ಅಂತ ಕಟ್ಟಳೆ ಮಾಡಿದವಳು ನೀನೇ. ನನಗೆ ಕಾಲೇಜಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ಕೌದಳ್ಳಿ ಬಿಟ್ಟ ಮೇಲೆ ಎಷ್ಟು ವರ್ಷ ಅಂಚೆ ಕಾರ್ಡಿನಲ್ಲೇ ಯುದ್ಧ ಮಾಡಿದೆವು! 'ನನ್ನ ಕುದುರೆಯವರು ಹಳ್ಳ ದಾಟಿದರು' ಅಂತ ನಾನು ಬರೆದರೆ, 'ದಾಟಿದ್ದು ಸರಿ, ಈಗ ಸತ್ತರು' ಅಂತ ನಿನ್ನ ಕಾರ್ಡು ಬರುತ್ತಿತ್ತು. ಪೋಸ್ಟ್‌ಮ್ಯಾನ್ ಓದಿಕೊಂಡು ನಗುತ್ತಿದ್ದ.

ವಿಷಯ ಇಷ್ಟು. ನಮ್ಮ ಆಟದ ಮೇಲೆ ಒಂದು ಪುಸ್ತಕ ಬರೆದಿದ್ದೇನೆ. 'ಚಂದ್ರಿಕೆಯ ಮೇಲಿನ ಕೋಟೆ' ಅಂತ ಹೆಸರು. ಮಾವನ ಹುಳದ ಮನೆಯ ನೆಲ, ರೇಷ್ಮೆಹುಳು ಗೂಡು ಕಟ್ಟುವ ಆ ದುಂಡನೆ ಬಿದಿರ ಚಂದ್ರಿಕೆಯನ್ನು ಬೋರಲು ಹಾಕಿ ಗೋಣಿತಾಟು ಹೊದಿಸಿ ಮಾಡುತ್ತಿದ್ದ ಬೆಟ್ಟ, ಹಿಪ್ಪುನೇರಳೆ ಕಡ್ಡಿಯಲ್ಲಿ ದಾರಿ ಅಳೆಯುವುದು, ಕವಡೆ ಎಸೆದು ಯಾರು ಬಿದ್ದರು ಯಾರು ಉಳಿದರು ಅಂತ ತೀರ್ಮಾನಿಸುವುದು, ಎಲ್ಲ ಬರೆದಿದ್ದೇನೆ. ಬೆಂಗಳೂರಿನಲ್ಲಿ ಇದೇ ಹುಚ್ಚಿನವರ ಒಂದು ಗುಂಪಿದೆ, ಗುರು. ದೊಡ್ಡ ದೊಡ್ಡ ಕೆಲಸದಲ್ಲಿರುವವರು ಭಾನುವಾರ ಮೇಜಿನ ಮೇಲೆ ಬೆರಳುದ್ದದ ಸೈನ್ಯ ಇಟ್ಟುಕೊಂಡು ಹಳೇ ಯುದ್ಧಗಳನ್ನು ಮತ್ತೆ ಆಡುತ್ತಾರೆ. ಚಿಕ್ಕಂದಿನ ಆಟದ ನೆನಪು ಬರೆದ ಹೊರದೇಶದ ಹಳೆಯ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಾರೆ. ಕನ್ನಡದಲ್ಲಿ ಅಂಥದ್ದು ಒಂದೂ ಇಲ್ಲವಂತೆ. ಅವರೇ ಒಬ್ಬ ಪ್ರಕಾಶಕರನ್ನು ಹುಡುಕಿಕೊಟ್ಟರು.

ಪುಸ್ತಕಕ್ಕೆ ಚಿತ್ರ ಬೇಕು. ನೀನು ಮುಖ ಬಳಿದ ನಮ್ಮ ಮಣ್ಣಿನ ಗೊಂಬೆ ದಂಡನ್ನು ಸ್ವಲ್ಪ ದಿನ ಕಳಿಸಿಕೊಡುತ್ತೀಯಾ? ದಸರಾ ಬೊಂಬೆ ಕೂರಿಸುವ ಹೊತ್ತಿಗೆ ನಿನ್ನ ಮನೆಯಲ್ಲಿರುತ್ತವೆ. ಇದು ನನ್ನ ಮಾತು.

ನಿನ್ನ
ಪ್ರಭು

---

ಕೌದಳ್ಳಿ
15 ಜೂನ್ 2025

ಬಾವ,

ಅಯ್ಯೋ ಶಿವನೇ, ಪುಸ್ತಕ ಬರ್ದುಬುಟ್ಯಾ! ಸುಳ್ಳಲ್ಲ ತಾನೆ? ನಿನ್ ಕಾಗದ ನಮ್ಮೆಜಮಾನ್ರಿಗೆ ಓದಿ ಹೇಳ್ದೆ. ಮಿಲ್ ನಿಲ್ಸಿ ಕೇಳುದ್ರು. 'ನೀವಿಬ್ರೂ ಮುದುಕ್ರಾದ್ರೂ ಬುದ್ದಿ ಬರ್ನಿಲ್ವಲ್ಲ' ಅಂದ್ರು ಚನ್ನಬಸವಪ್ಪೋರು. ಅವ್ರಿಗೇನು ಗೊತ್ತು. ಎಲ್ಲಾ ಯುದ್ದದಲ್ಲೂ ನಾನೇ ಗೆದ್ದೆ ಅಂತ ಬರ್ದಿದ್ದೀಯೋ ಇಲ್ವೋ? ಬರ್ದಿಲ್ಲ ಅಂದ್ರೆ ನೋಡು, ಯಳಂದೂರಿಗೇ ಬತ್ತೀನಿ.

ದಂಡು ಕಳುಸ್ತೀನಿ. ಯಜಮಾನ್ರು ಮಿಲ್ಲಿನ ಬೆಲ್ಟ್ ತರಕ್ಕೆ ಕೊಳ್ಳೇಗಾಲಕ್ಕೆ ಬತ್ತಾರೆ, ಬಸ್‌ಸ್ಟ್ಯಾಂಡಲ್ಲಿ ನಿನ್ ಕೈಗೇ ಕೊಡ್ತಾರೆ. ಟ್ರಂಕಿಗೆ ತೌಡು ತುಂಬಿ, ಒಬ್ಬೊಬ್ಬನ್ನೂ ಹಳೇ ಸೀರೆ ತುಂಡಲ್ಲಿ ಸುತ್ತಿ ಮಲಗ್ಸಿವ್ನಿ. ತೆಗೆವಾಗ ಆತುರ ಪಡ್ಬ್ಯಾಡ. ಮಣ್ಣು ಸತ್ತೇಗಾಲದ ಹೊಳೇದು, ಆಲೆಮನೆ ಒಲೇಲಿ ಸುಟ್ಟಿದ್ದು, ಗಟ್ಟಿ ಅದೆ. ಆದ್ರೆ ಬಣ್ಣ ಬರೀ ದನದ ಕೊಂಬಿಗೆ ಬಳ್ದು ಮಿಕ್ಕಿದ ಬಣ್ಣ. ಉಗುರು ತಾಕುದ್ರೆ ಎದ್ದೋಯ್ತದೆ.

ಮುಖಗಳು ಯಾರ್ಯಾರ್ದು ಅಂತ ನಿಂಗೆ ಹೇಳ್ಬೇಕಾ? ಕುಂಪಣಿ ಜನರಲ್ಲು ನಮ್ ಹೆಡ್‌ಮೇಷ್ಟ್ರು. ಬಾವುಟ ಹಿಡ್ದೋನಿಗೆ ಸೂಲಗಿತ್ತಿ ಚಾಮುಂಡಮ್ಮನ ಮುಖ, ಮೀಸೆ ಮಾತ್ರ ಜಾಸ್ತಿ. ಮೈಸೂರು ತೋಪಿನವನು ನಮ್ಮಪ್ಪ. ಅದೊಂದನ್ನ ಮಾತ್ರ ಹುಷಾರಾಗಿ ನೋಡ್ಕೊ ಬಾವ. ಫೋಟೋ ತೆಗುಸ್ಕಂಡ್ರೆ ಆಯಸ್ಸು ಕಮ್ಮಿಯಾಯ್ತದೆ ಅಂತ ಜೀವಮಾನದಲ್ಲಿ ಒಂದು ಫೋಟೋಗೂ ನಿಲ್ನಿಲ್ಲ ಆ ಮಾರಾಯ. ನನ್ ಮದ್ವೆ ಫೋಟೋ ತೆಗೆವಾಗ ಓಗಿ ಸೌದೆ ಒಡೀತಿದ್ದ. ನಾನು ಹದಿನೇಳ್ರಲ್ಲಿ ಅವ್ನ ಎದುರ್ಗೆ ಕುಂತ್ಕಂಡು ಬೈಸ್ಕತಾ ಬೈಸ್ಕತಾ ಬಳ್ದಿದ್ದು ಅದು. ಆ ಕಿತ್ತೋದ ಹುಬ್ಬು, ಆ ಸಿಡುಕು ಮೂತಿ, ಹಂಗೇ ಅದೆ. ವರ್ಸ ವರ್ಸ ಆಯುಧಪೂಜೆಗೆ ಹೂವ ಇಕ್ಕೋದು ಅದಕ್ಕೇ. ಫೋಟೋ ಇಕ್ಕಿ ಪೂಜೆ ಮಾಡ್ತಾರೆ ಎಲ್ರೂ, ನಂಗೆ ಫೋಟೋ ಅಂದ್ರೆ ಅದೊಂದೆ. ನಮ್ಮಪ್ಪನ್ನೇ ಬಸ್ ಹತ್ತುಸ್ತಾ ಇವ್ನಿ ಅಂತ ತಿಳ್ಕ.

ಅಪ್ಪ ಇಲ್ದಿರ ನಿನ್ನ ತಂದು ಸಾಕಿದ್ದೂ ಅವ್ನೇ ಅಲ್ವಾ, ನಿಂಗೆ ಬೇರೆ ಹೇಳಂಗಿಲ್ಲ.

ಗುರುಬಸಿ

---

ಯಳಂದೂರು
2 ಜುಲೈ 2025

ಪ್ರೀತಿಯ ಗುರು,

ದಂಡು ಕ್ಷೇಮವಾಗಿ ಬಂದಿಳಿಯಿತು. ಒಬ್ಬನ ಕೋವಿಯೂ ಮುರಿದಿಲ್ಲ. ಮಾವನನ್ನು ಕಡೆಗೆ ಬಿಚ್ಚಿದೆ. ಕಣ್ಣು ತುಂಬಿ ಬಂತು, ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ವಲ್ಪ ಹೊತ್ತು ಅತ್ತೆ.

ಕಳೆದ ಭಾನುವಾರ ಬೆಂಗಳೂರಿನ ಗುಂಪಿನವರು ಮೂರು ಜನ ಕಾರಿನಲ್ಲಿ ಬಂದಿದ್ದರು. ಊಟದ ಎಲೆ ತೆಗೆದ ಮೇಲೆ ಇಡೀ ದಂಡನ್ನು ಮೇಜಿನ ಮೇಲೆ ನಿಲ್ಲಿಸಿದೆ. ಬಹಳ ಹೊತ್ತು ನೋಡಿದರು. ಒಬ್ಬ ಎಂಜಿನಿಯರು ಇದ್ದಾನೆ, ಮೈಸೂರು-ಕುಂಪಣಿ ಯುದ್ಧದ ಕಾಲದ ಸಮವಸ್ತ್ರಗಳ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದಿಲ್ಲ. ಮಾವನನ್ನು ಕೈಯಲ್ಲೇ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಕೆಲವು ಸಲಹೆ ಕೊಟ್ಟ. ಎಲ್ಲರೂ ನಗುನಗುತ್ತಾ ಹೋದರು.

ಒಂದು ಮಾತು ಕೇಳಬೇಕೆಂದಿದ್ದೆ. ತೋಪಿನವನ ಎಡಗೈಗೆ ಗಡಿಯಾರ ಯಾಕೆ ಬರೆದೆ? ನನಗೆ ಮರೆತೇ ಹೋಗಿತ್ತು.

ಪ್ರಭು

---

ಕೌದಳ್ಳಿ
10 ಆಗಸ್ಟ್ 2025

ಬಾವ,

ಗಡಿಯಾರ ಮರ್ತುಬುಟ್ಯಾ? ಗೂಡಿಗೆ ಒಳ್ಳೆ ರೇಟ್ ಸಿಕ್ತು ಅಂತ ಕೊಳ್ಳೇಗಾಲದಿಂದ ಕಟ್ಕಂಡ್ ಬಂದ್ನಲ್ಲ! ಟೈಮ್ ನೋಡಕ್ಕೆ ಬತ್ತಿರ್ನಿಲ್ಲ. ದಾರೀಲಿ ಓಗೋರ್ನ 'ಟೈಮೆಷ್ಟ್ರಪ್ಪಾ' ಅಂತ ಕೇಳೋನು. 'ನಿಮ್ ಕೈಲೇ ಅದಲ್ಲ ಶಿವನಂಜಯ್ಯೋರೆ' ಅಂದ್ರೆ 'ಅದು ನಂದು, ನಿಂದೆಷ್ಟು ಹೇಳು' ಅನ್ನೋನು. ಆ ಗತ್ತು! ಗದ್ದೆಗೆ ನೀರ್ ಕಟ್ಟಕ್ಕೆ ಓದ್ರೂ ಬಿಚ್ತಿರ್ನಿಲ್ಲ. ಅದಕ್ಕೇ ತೋಪು ಹೊಡೆವಾಗ್ಲೂ ಇರ್ಲಿ ಅಂತ ಬರ್ದೆ. ಹಣೆ ಮೇಲೆ ಮೂರು ಬೆರಳು ವಿಭೂತಿ ಅದೆ ನೋಡು, ಅದ್ನ ಬೆಂಕಿಕಡ್ಡಿ ಮೊನೇಲಿ ಎಳ್ದಿದ್ದು. ನಿನ್ನ ಎಂಜಿನಿಯರ್ ಸಾಹೇಬ್ರಿಗೆ ಈ ಕತೆ ಹೇಳು, ಇನ್ನೂ ನಗ್ತಾರೆ. ಪಾಪ ಅಷ್ಟು ದೂರದಿಂದ ನಮ್ ಗೊಂಬೆ ನೋಡಕ್ಕೆ ಬಂದ್ರಲ್ಲ, ನಂಗೆ ಭಾಳ ಸಂತೋಷವಾಯ್ತು.

ನಿನ್ ಕಾಗದ ಯಾಕೋ ಸಪ್ಪೆ ಅದೆ. ಮೈಗೆ ಉಸಾರಿಲ್ವಾ? ಮಂಡಿನೋವಾ? ಹುರುಳಿಕಾಳ್ ಚಟ್ನಿಪುಡಿ ಮಾಡಿ ಇಕ್ಕಿವ್ನಿ, ಬತ್ತಾ ಬಂದು ತಕಂಡೋಗು. ದಂಡು ತರುವಾಗ ನೀನೇ ತತ್ತೀಯ ಅಲ್ವಾ? ಹಬ್ಬ ಹತ್ರ ಬಂತು. ಪಟ್ಟದ ಗೊಂಬೆ ತೆಗ್ದು ಒರ್ಸಿ ಇಕ್ಕಿವ್ನಿ. ಈ ಸಲ ಮಗಳು ಭವ್ಯ, ಮೊಮ್ಮಗಳು ಕುಸುಮನ್ನೂ ಕರ್ಕಂಡು ಬತ್ತಾಳೆ ಮೈಸೂರಿಂದ. ಆ ಮಗು ಮುತ್ತಾತನ್ನ ನೋಡ್ಬೇಕು ಅಂತ ಕುಣೀತದೆ. ಓದ್ ಸಲ ಬಂದಾಗ ಇನ್ನೂ ಗೊತ್ತಾಗೋ ವಯಸ್ಸಲ್ಲ.

ಗುರುಬಸಿ

---

ಯಳಂದೂರು
24 ಆಗಸ್ಟ್ 2025

ಪ್ರಿಯ ಗುರು,

ಆರೋಗ್ಯವಾಗಿದ್ದೇನೆ. ಪುಸ್ತಕದ ಕೆಲಸ ಹೆಚ್ಚಾಗಿ ಬರೆಯಲಾಗಲಿಲ್ಲ.

ಒಂದು ವಿಚಾರ ನಿನ್ನ ಮುಂದಿಡಬೇಕು. ಇದು ಕೇವಲ ನಮ್ಮಿಬ್ಬರ ಬಾಲ್ಯದ ಪುಸ್ತಕವಾಗಿ ಉಳಿದಿಲ್ಲ. ತಿಳಿದವರು ಓದುತ್ತಾರೆ. ಇತಿಹಾಸ ಪಾಠ ಹೇಳಿದವನು ನಾನು. ಹುಲಿಪಟ್ಟೆಯ ಅಂಗಿ ತೊಟ್ಟ ಸಿಪಾಯಿ ಇರಬೇಕಾದ ಕಡೆ ಚೌಕಳಿ ಟವಲು ಸುತ್ತಿದವನು, ಕೈಗಡಿಯಾರ ಕಟ್ಟಿದವನು ನಿಂತರೆ ಓದಿದವರು ಏನೆಂದುಕೊಂಡಾರು ಎಂಬ ಪ್ರಶ್ನೆ ಬರುತ್ತದೆ. ಆ ವಯಸ್ಸಿನಲ್ಲಿ ನಮಗೆ ತಿಳಿಯುತ್ತಿರಲಿಲ್ಲ, ಅದು ತಪ್ಪಲ್ಲ. ಈಗ ತಿಳಿದೂ ಹಾಗೇ ಬಿಟ್ಟರೆ ತಪ್ಪು.

ಮೈಸೂರಿನಲ್ಲಿ ಬಿಳಿಗಿರಿ ಎಂಬ ಕಲಾವಿದನಿದ್ದಾನೆ, ವಸ್ತುಸಂಗ್ರಹಾಲಯಗಳಿಗೆ ಮಾದರಿ ಮಾಡಿಕೊಡುತ್ತಾನೆ. ಗೊಂಬೆಗಳನ್ನು ಅವನ ಕೈಯಲ್ಲಿ ಸ್ವಲ್ಪ ಶುಚಿ ಮಾಡಿಸಿದರೆ ಹೇಗೆ? ನಿನ್ನ ಅಭಿಪ್ರಾಯ ಬರೆ. ಈ ಹಬ್ಬಕ್ಕೆ ತಡವಾದರೂ ಬೇಸರ ಮಾಡಿಕೊಳ್ಳಬೇಡ.

ಪ್ರಭು

---

ಕೌದಳ್ಳಿ
1 ಸೆಪ್ಟೆಂಬರ್ 2025

ಏನ್ ಬಾವ, ತಲೆ ನೆಟ್ಟಗದೆಯಾ?

ಶುಚಿ ಮಾಡ್ಸೋದು ಅಂದ್ರೇನು? ಅವೇನು ಕಕ್ಕಸಾ? ಗೊಂಬೆಗೆ ನೀರೂ ತಾಕುಸ್ಬ್ಯಾಡ, ಬಟ್ಟೇನೂ ತಾಕುಸ್ಬ್ಯಾಡ. ನಾನು ಇಷ್ಟ್ ವರ್ಸವೂ ನವಿಲುಗರೀಲೇ ದೂಳು ಹೊಡೆಯೋದು. ಆ ಬಿಳಿಗಿರಿ ಯಾರೋ, ಅವ್ನ ಕೈಗೆ ಕೊಡ್ಬ್ಯಾಡ. ಇದು ನನ್ನ ಅಭಿಪ್ರಾಯ ಅಲ್ಲ ಕಣಪ್ಪ, ಬ್ಯಾಡ ಅಂದ್ರೆ ಬ್ಯಾಡ.

ಚೌಕಳಿ ಟವಲು ಕಟ್ದೋನು ತೋಪು ಹೊಡೀಬಾರ್ದಾ? ಹುಲಿಪಟ್ಟೆ ಅಂಗಿ ಇತ್ತು ಅಂತ ನೀನೇ ಲೈಬ್ರರೀಲಿ ಓದಿ ಬಂದು ಹೇಳಿದ್ದೆ ಅವತ್ತು. ನಾನು 'ಪಟ್ಟೆ ಬಳೆಯಕ್ಕೆ ನಂಗೆ ಪುರುಸೊತ್ತಿಲ್ಲ, ನಮ್ಮೂರೋರೇ ಯುದ್ದಕ್ಕೆ ಓಗ್ಲಿ' ಅಂದೆ. ನೀನು ಕುಣಿದಾಡ್ಬುಟ್ಟೆ. 'ಗುರು, ನಮ್ ದಂಡಂಥ ದಂಡು ಯಾವ ದೇಸದಲ್ಲೂ ಇಲ್ಲ' ಅಂದೋನು ನೀನೇ. ಈಗ ಓದ್ದೋರು ಏನಂದ್ಕತಾರೆ ಅಂತ ಚಿಂತೆ ಹತ್ಕತಾ?

ತಡವಾಗಂಗಿಲ್ಲ. ಇಪ್ಪತ್ತೆರಡಕ್ಕೆ ಬೊಂಬೆ ಕೂರುಸ್ತೀನಿ. ಕೊಳ್ಳೇಗಾಲಕ್ಕೆ ಬಂದ್ರೆ ಹನೂರಿಗೆ ಸಾಲುಸಾಲಾಗಿ ಬಸ್ಸವೆ, ಅಲ್ಲಿಂದ ಕೌದಳ್ಳಿ ಎಷ್ಟೊತ್ತು? ನೀನೇ ತಕಂಡು ಬಾ. ಹೋಳಿಗೆ ಮಾಡ್ತೀನಿ. ನಾನು ಜಾಸ್ತಿ ಮಾತಾಡುದ್ರೆ ಮನ್ಸಿಗೆ ಹಾಕ್ಕಬ್ಯಾಡ, ನಿಂಗೆ ಗೊತ್ತಲ್ಲ ನನ್ ಬಾಯಿ. ನಿನ್ ಕೈಲಿದ್ರೆ ನಂಗೇನೂ ಹೆದ್ರಿಕೆ ಇಲ್ಲ.

ಗುರುಬಸಿ

---

ಯಳಂದೂರು
18 ಸೆಪ್ಟೆಂಬರ್ 2025

ಪ್ರಿಯ ಗುರು,

ಸತ್ತೇಗಾಲದ ಶಾಂತರಾಜು ನನ್ನ ಹಳೆಯ ವಿದ್ಯಾರ್ಥಿ. ದೇವರ ದರ್ಶನಕ್ಕೆಂದು ಬೆಟ್ಟಕ್ಕೆ ಹೊರಟಿದ್ದಾನೆ, ದಾರಿಯಲ್ಲಿ ನಿನ್ನ ಮಿಲ್ಲಿನ ಬಳಿ ಇಳಿದು ಟ್ರಂಕು ಕೊಡುತ್ತಾನೆ. ನಾನೇ ಬರಬೇಕೆಂದಿದ್ದೆ, ಪುಸ್ತಕದ ಕರಡು ತಿದ್ದುವ ಕೆಲಸ ಬಂತು.

ತೆರೆದಾಗ ಗಾಬರಿಯಾಗಬೇಡ. ಗೊಂಬೆಗಳು ಅವೇ. ಅದೇ ಮಣ್ಣು, ಅದೇ ಮೈಕಟ್ಟು. ಬಿಳಿಗಿರಿ ಬಹಳ ಶ್ರದ್ಧೆಯಿಂದ ಕೆಲಸ ಮಾಡಿದ್ದಾನೆ. ಹಳೆ ಬಣ್ಣದ ಮೇಲೆ ಹೊಸದು ನಿಲ್ಲುವುದಿಲ್ಲವಾದ್ದರಿಂದ ಮೊದಲು ಥಿನ್ನರ್ ಹಾಕಿ ತೆಗೆಯಬೇಕಾಯಿತು. ಈಗ ಒಂದೊಂದು ಗುಂಡಿಯೂ ಆ ಕಾಲದ ಪ್ರಕಾರವೇ ಇದೆ. ನೋಡಿದರೆ ನೀನೂ ಒಪ್ಪುತ್ತೀ. ಗುಂಪಿನವರಂತೂ ಬೆರಗಾಗಿದ್ದಾರೆ.

ಮಾವನ ಗೊಂಬೆಯನ್ನು ಹಾಗೇ ಉಳಿಸೋಣವೆಂದು ಯೋಚಿಸಿದ್ದೆ. ಆದರೆ ಮುಖಪುಟಕ್ಕೆ ಅದೇ ಬೇಕಿತ್ತು. ಉಳಿದವರ ನಡುವೆ ಅದೊಂದು ಬೇರೆಯಾಗಿ ಕಾಣುತ್ತಿತ್ತು.

ಕುಸುಮಳಿಗೆ ನನ್ನ ಆಶೀರ್ವಾದ.

ಪ್ರಭು

---

ಕೌದಳ್ಳಿ
22 ಸೆಪ್ಟೆಂಬರ್ 2025

ಲೇ ಪ್ರಭು,

ಥೂ ನಿನ್ ಜನ್ಮಕ್ಕೆ.

ಮಗೂನ್ನ ತೊಡೆ ಮೇಲೆ ಕೂರುಸ್ಕಂಡು ಟ್ರಂಕ್ ತೆಗ್ದೆ. 'ಮುತ್ತಾತ ಯಾವ್ದಜ್ಜಿ' ಅಂತು. ತೋಪಿನವನ್ನ ಬಿಚ್ದೆ. ಯಾವನೋ ಕೆಂಪು ಮೂಗಿನ ಸಿನಿಮಾದೋನು. ಇನ್ನೊಬ್ಬನ್ನ ಬಿಚ್ದೆ, ಅವ್ನೂ ಅವ್ನೇ. ಎಲ್ರೂ ಒಂದೇ ಅವ್ವನ ಹೊಟ್ಟೇಲಿ ಹುಟ್ಟಿರಂಗೆ ಅವ್ರೆ. ಚಾಮುಂಡಮ್ಮ ಇಲ್ಲ. ಹೆಡ್‌ಮೇಷ್ಟ್ರಿಲ್ಲ. ನಮ್ಮಪ್ಪ ಇಲ್ಲ ಕಣೋ. ಎಲ್ಲೋದ ನಮ್ಮಪ್ಪ?

ಹಳೇ ಬಣ್ಣದ ಮೇಲೇ ಮೆತ್ತಿದ್ರೆ ಉಗುರಲ್ಲಿ ಕೆರ್ದು ಹುಡುಕ್ತಿದ್ದೆ. ಕೆರ್ದೂ ನೋಡ್ದೆ. ಒಳಗೆ ಬರೀ ಮಣ್ಣು.

ಬ್ಯಾಡ ಅಂತ ಬರ್ದಿದ್ನಲ್ಲೋ! ಕೈಯಾರೆ ಬರ್ದಿದ್ನಲ್ಲ! ಅವ್ನು ಬೇರೆಯಾಗಿ ಕಾಣ್ತಿದ್ನಾ? ಅವ್ನ ಮನೇಲಿ ಉಂಡು ಬೆಳೆದೋನು ನೀನು, ಅವ್ನ ಮೂತಿ ನಿಂಗೆ ನಾಚ್ಕೆ ಆಯ್ತಾ? ಆ ಕಾರಲ್ಲಿ ಬಂದೋರು ನಕ್ಕಿದ್ದು ಸಂತೋಷಕ್ಕಲ್ಲ, ಈಗ ಗೊತ್ತಾಯ್ತು ನಂಗೆ. ನಮ್ಮಪ್ಪನ್ನ ನೋಡಿ ಕಿಸ್ದಿದ್ದು. ನೀನೂ ಜೊತೇಲಿ ಕಿಸ್ದೆ. ನಾನು ಮುಟ್ಟಾಳ ಮುಂಡೆ, ಗಡಿಯಾರದ ಕತೆ ಬರ್ದು ಕಳುಸ್ದೆ ನಿಂಗೆ.

ಪಟ್ಟದ ಗೊಂಬೆ ಮಾತ್ರ ಕೂರ್ಸಿವ್ನಿ. ಟ್ರಂಕು ಅಟ್ಟಕ್ಕೆ ಹಾಕ್ಸಿವ್ನಿ. ನಮ್ಮನೆ ಹೊಸ್ಲು ತುಳೀಬ್ಯಾಡ.

---

ಯಳಂದೂರು
29 ಸೆಪ್ಟೆಂಬರ್ 2025

ಗುರು,

ನಿನ್ನ ಕಾಗದವನ್ನು ಮತ್ತೆ ಮತ್ತೆ ಓದಿದೆ. ಬೈಯುವ ಹಕ್ಕು ನಿನಗಿದೆ. ಆದರೆ ನಾನು ನಗಲಿಲ್ಲ, ಇದನ್ನು ನಂಬು. ಅವರು ನಕ್ಕಾಗ ಸುಮ್ಮನಿದ್ದೆ, ಅಷ್ಟೇ.

ನಿನ್ನ ಉತ್ತರ ಬರುವ ಹೊತ್ತಿಗೆ ಕೆಲಸ ಅರ್ಧ ಆಗಿಹೋಗಿತ್ತು. ನಿಲ್ಲಿಸಲು ಆಗುತ್ತಿರಲಿಲ್ಲ. ಪ್ರಕಾಶಕರಿಗೆ ಮಾತು ಕೊಟ್ಟಿದ್ದೆ. ನನ್ನ ಸ್ಥಿತಿಯನ್ನೂ ಯೋಚಿಸು. ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ಬರೆದ ಒಂದೇ ಪುಸ್ತಕ ಇದು. ಅದನ್ನು ಹಿಡಿದು ಯಾರೂ ಗೇಲಿ ಮಾಡಬಾರದು ಅನ್ನಿಸಿತು.

ಇದರ ಜೊತೆ ಒಳ್ಳೆಯ ಬಣ್ಣದ ಡಬ್ಬಿ, ಸಣ್ಣ ಕುಂಚಗಳನ್ನು ಕಳಿಸಿದ್ದೇನೆ. ಚಿತ್ರ ತೆಗೆದದ್ದಾಯಿತು, ಇನ್ನು ನನಗೇನೂ ಬೇಕಿಲ್ಲ. ನೀನೇ ಮತ್ತೆ ಬಳಿ. ನಿನ್ನಪ್ಪನ ಮುಖ, ಕಣ್ಣು ಮುಚ್ಚಿ ಬಳಿಯಬಲ್ಲೆ ನೀನು. ಪುಸ್ತಕದಲ್ಲಿ ನಿನ್ನ ಆ ಮುಖಗಳ ಬಗ್ಗೆಯೇ ಒಂದು ಇಡೀ ಅಧ್ಯಾಯವಿದೆ. ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ ಅಧ್ಯಾಯ ಎಂದು ಪ್ರಕಾಶಕರು ಹೇಳಿದರು. ಮಾವನ ಆ ನಗುಮೊಗ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ, ಅದನ್ನು ಯಾವ ಥಿನ್ನರೂ ತೆಗೆಯಲಾರದು.

ಪ್ರಭು

---

ಯಳಂದೂರು
26 ಅಕ್ಟೋಬರ್ 2025

ಗುರೂ,

ನಾನು ಬರೆದು ಒಂದು ತಿಂಗಳಾಗುತ್ತಾ ಬಂತು, ನಿನ್ನಿಂದ ಒಂದು ಸಾಲಿಲ್ಲ. ಫೋನು ಮಾಡಿದರೆ ಚನ್ನಬಸವಪ್ಪನವರು ಎತ್ತುತ್ತಾರೆ, 'ಅವ್ಳು ಮಿಲ್ಲಲ್ಲವಳೆ' ಅಂತ ಇಡುತ್ತಾರೆ. ಅವರ ಮಾತಿನ ಹಿಂದೆ ಮಿಲ್ಲು ಓಡುವ ಸದ್ದು ಕೇಳಿಸುವುದೇ ಇಲ್ಲ.

ಕೊಳ್ಳೇಗಾಲದಲ್ಲಿ ಪುಸ್ತಕ ಬಿಡುಗಡೆಯಾಯಿತು. ಜನ ಬಂದಿದ್ದರು. ವೇದಿಕೆಯ ಮೇಲೆ ನಿನಗೂ ಒಂದು ಕುರ್ಚಿ ಹಾಕಿಸಿದ್ದೆ. ಕಡೆಯವರೆಗೂ ಅದರ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲ. ಒಂದು ಪ್ರತಿ ಕಳಿಸಿದ್ದೇನೆ. ನಿನಗೆ ಅರ್ಪಣೆ ಮಾಡಿದ್ದೇನೆ, ಮೊದಲ ಪುಟ ನೋಡು.

ತಪ್ಪಾಯ್ತು ಕಣೇ. ನೀನು ಬೈದಾದ್ರೂ ಒಂದು ಕಾಗದ ಬರಿ. ಮಾವನ ಆಣೆ.

ಪ್ರಭು

---

ಕೌದಳ್ಳಿ
23 ನವೆಂಬರ್ 2025

ಶ್ರೀ ಪ್ರಭುಸ್ವಾಮಿಯವರಿಗೆ,

ನಿಮ್ಮ ಪುಸ್ತಕ ಬಂತು. ಬಣ್ಣದ ಡಬ್ಬಿ ಮೊದ್ಲೇ ಬಂದಿತ್ತು. ಉತ್ತರ ಬರೀಬಾರ್ದು ಅಂತಿದ್ದೆ. ನಮ್ಮಪ್ಪನ ಆಣೆ ಇಟ್ರಿ, ಅದಕ್ಕೆ ಬರೀತೀನಿ. ಇನ್ನೊಂದ್ ಸಲ ಇಡ್ಬ್ಯಾಡಿ.

ಕಣ್ಮುಚ್ಚಿ ಬಳೀತೀಯ ಅಂದ್ರಿ. ನಾನೂ ಹಂಗೇ ಅಂದ್ಕಂಡಿದ್ದೆ. ಕೋಪ ವಸಿ ಇಳಿದ್ಮೇಲೆ ಟ್ರಂಕ್ ಇಳಿಸ್ಕಂಡು ಜಗಲಿ ಮೇಲೆ ಕುಂತೆ. ಬಿಳಿ ಬಳ್ದು ಆ ಸಿನಿಮಾದೋನ ಮೂತಿ ಅಳಿಸ್ದೆ. ಕುಂಚ ಎತ್ತಿದ್ದೇ ಬಂತು. ಯಾವ ಕಡೆ ಹುಬ್ಬು ಕಿತ್ತೋಗಿದ್ದು? ಎತ್ತು ಹಾಯ್ದಿದ್ದು ಗೊತ್ತು, ರಕ್ತ ಸೋರಿದ್ದು ಗೊತ್ತು, ಯಾವ ಕಡೆ ಅನ್ನೋದು ಬರ್ನಿಲ್ಲ. ನಮ್ಮೆಜಮಾನ್ರು ಎಡಗಡೆ ಅಂದ್ರು. ಪಕ್ಕದ ಮನೆ ವೀರಮ್ಮಜ್ಜಿ 'ಇಲ್ಲ ಕಣವ್ವ, ಬಲಗಡೆ' ಅಂತು. ಮೂಗು ಚೂಪೋ ಮೊಂಡೋ ಅಂತ ಕೇಳುದ್ರೆ ಒಬ್ಬೊಬ್ರು ಒಂದೊಂದು ಅಂದ್ರು. ಭವ್ಯ ಫೋನಲ್ಲಿ ಓದ್ ವರ್ಸದ ದಸರಾ ಫೋಟೋ ಹುಡುಕಿ ದೊಡ್ಡದು ಮಾಡಿ ತೋರ್ಸುದ್ಲು. ಎಳ್ದಂಗೆಲ್ಲ ಒಂದು ಬಿಳೀ ಚುಕ್ಕೆ, ಅಷ್ಟೆ. ಆಗ ಗೊತ್ತಾಯ್ತು ನಂಗೆ. ನಮ್ಮಪ್ಪನ ಮುಖ ನಂಗೆ ನೆನಪಿತ್ತು ಅಂದ್ಕಂಡಿದ್ದು ಸುಳ್ಳು. ಅವ್ನು ಓಗಿ ನಲವತ್ತು ವರ್ಸಾಯ್ತು. ನಾನು ವರ್ಸ ವರ್ಸ ಆ ಗೊಂಬೆ ನೋಡೇ ನೆನಪು ಮಾಡ್ಕತಿದ್ದಿದ್ದು. ಗೊಂಬೆ ಓಯ್ತು, ಅದೂ ಓಯ್ತು.

ಸರಿ, ನೀವು ಪುಸ್ತಕದಲ್ಲಿ ಅಧ್ಯಾಯ ಬರ್ದಿದ್ದೀರಲ್ಲ, ಅದ್ನ ಓದ್ಕಂಡಾದ್ರೂ ಬಳೆಯವ ಅಂತ ಕುಂತೆ. ಭಾಳ ಚೆಂದಾಗಿ ಬರ್ದಿದ್ದೀರಿ. ನಾನು ಸುಳ್ಳೇಳಲ್ಲ. ಹುಳದ ಮನೆ ವಾಸ್ನೆ ಬಂತು ಮೂಗಿಗೆ. ನಾನೇ ಗೆಲ್ತಿದ್ದೆ ಅಂತ ಬರ್ದಿದ್ದೀರಿ. 'ಗುರುಬಸಮ್ಮ ಬಳಿದ ಆ ಓರೆಕೋರೆ ಮುಖಗಳಲ್ಲಿ ಇಡೀ ಊರೇ ಬದುಕಿತ್ತು' ಅಂತ ಬರ್ದಿದ್ದೀರಿ. ಆ ಸಾಲಿನ ಎದುರು ಪುಟದಲ್ಲೇ ಬಿಳಿಗಿರಿ ಬಳ್ದ ಫೋಟೋ ಅದೆ. ಹೆಂಗ್ ಮನ್ಸು ಬಂತು ನಿಮ್ಗೆ?

ಆಮೇಲೆ ನಮ್ಮಪ್ಪ ಬಂದ. 'ಮಾವನದು ಸದಾ ನಗುವ ಮುಖ. ಮಕ್ಕಳ ಆಟ ನೋಡುತ್ತಾ ಬಾಗಿಲಲ್ಲಿ ನಿಂತು ಮುಗುಳ್ನಗುತ್ತಿದ್ದರು.' ಯಾರು ಸ್ವಾಮಿ ಇದು? ನಮ್ಮಪ್ಪ ಯಾವತ್ತು ಬಾಗಿಲಲ್ಲಿ ನಿಂತು ನಕ್ಕಿದ್ದ? 'ಹುಳಕ್ಕೆ ಸೊಪ್ಪು ಹಾಕೋ ಜಾಗದಲ್ಲಿ ದೊಂಬರಾಟ ಆಡ್ತೀರೇನ್ರಲೇ' ಅಂತ ಕೂಗಾಡೋನು. ನಿಮ್ಗೆ ವಿಷಮಜ್ವರ ಬಂದು ಬಿದ್ದಿದ್ರಲ್ಲ, ಬಸ್ಸು ನಿಂತೋಗಿತ್ತಲ್ಲ, ಹನೂರ್ ಗಂಟ ನಿಮ್ಮನ್ನ ಹೆಗಲ ಮೇಲೆ ಹೊತ್ಕಂಡು ಓದ. ದಾರಿ ಉದ್ದಕ್ಕೂ ನಿಮ್ಮನ್ನ ಬೈದ್ಕಂಡೇ ಓದ, 'ನನ್ ಗಂಟ್ಲಿಗೆ ಬಿದ್ದೆಯಲ್ಲೋ ಶನಿ' ಅಂತ. ಕಣ್ಣಲ್ಲಿ ನೀರು ಸುರೀತಿತ್ತು. ನಾನು ಹಿಂದೇಲೇ ಬತ್ತಿದ್ದೆ. ಆ ಮುಖ ನೋಡಿದ್ದೋರು ನೀವೂ ನಾನೂ ಇಬ್ರೇ. ನೀವು ಅದ್ನ ಬರೀನಿಲ್ಲ. ಪುಸ್ತಕಕ್ಕೆ ನಗೋ ಮಾವ ಚೆಂದ ಅಂತ ನಗ್ಸುದ್ರಿ. ಗೊಂಬೇಲಿ ಒಂದ್ ಸಲ, ಪುಸ್ತಕದಲ್ಲಿ ಒಂದ್ ಸಲ, ಎಲ್ಡು ಕಡೇನೂ ನಮ್ಮಪ್ಪನ್ನ ಅಳ್ಸುದ್ರಿ.

ಇನ್ನೊಂದದೆ. ಕಡೇ ಪುಟದಲ್ಲಿ ಎಲ್ರಿಗೂ ಕೃತಜ್ಞತೆ ಹೇಳಿದ್ದೀರಿ. 'ಜುಲೈ ತಿಂಗಳಲ್ಲಿ ಹಗಲಿರುಳು ಕುಳಿತು ಸೈನಿಕರಿಗೆ ಅವರ ನಿಜವಾದ ಬಣ್ಣ ಮರಳಿಸಿದ ಬಿಳಿಗಿರಿಯವರಿಗೆ' ಅಂತ. ಜುಲೈ. 'ಶುಚಿ ಮಾಡಿಸಿದರೆ ಹೇಗೆ, ಅಭಿಪ್ರಾಯ ಬರೆ' ಅಂತ ನೀವು ನನ್ನ ಕೇಳಿದ್ದು ಆಗಸ್ಟಲ್ಲಿ. ಅಷ್ಟೊತ್ಗೆ ಎಲ್ಲಾ ಮುಗ್ದೋಗಿತ್ತು. ಅರ್ಧ ಆಗಿತ್ತು ಅಂದಿದ್ದೂ ಸುಳ್ಳೇ. ನಾನು ಗಡಿಯಾರದ ಕತೆ ಬರೆವಾಗ, ಚಟ್ನಿಪುಡಿ ತಕಂಡೋಗಿ ಅನ್ನುವಾಗ, ನಿಮ್ ಕೈಲಿದ್ರೆ ಹೆದ್ರಿಕೆ ಇಲ್ಲ ಅನ್ನುವಾಗ, ಆಗ್ಲೇ ಇರ್ನಿಲ್ಲ ಅವ್ನು. ಥಿನ್ನರಿಗಿಂತ ಇದು ಉರೀತು ನಂಗೆ. ಬಣ್ಣ ಅಳ್ಸಿದ್ದು ದಡ್ಡತನ ಅಂತ ಬುಟ್ಬುಡ್ತಿದ್ದೆ ಒಂದಿನ. ಇದಕ್ಕೆ ಏನಂತ ಹೆಸ್ರಿಕ್ಲಿ?

ನೀವು ಕೇಳ್ದಂಗೆ ಬೈದಿವ್ನಿ. ಇಷ್ಟೇ. ಬಣ್ಣದ ಡಬ್ಬಿ ವಾಪಸ್ ಕಳುಸ್ತಾ ಇವ್ನಿ. ಇನ್ನು ಕಾಗದ ಬ್ಯಾಡ.

ಪುಸ್ತಕ ಮಾತ್ರ ಇಕ್ಕಂಡಿವ್ನಿ. ನಾನಲ್ಲ, ಕುಸುಮ ಕೊಡಂಗಿಲ್ಲ ಅಂತಳೆ. ಓದ್ ವಾರ ಬಂದಿದ್ಲು, ಅಕ್ಷರ ಕೂಡುಸ್ಕಂಡು ಕೂಡುಸ್ಕಂಡು ಜೋರಾಗಿ ಓದ್ತಿದ್ಲು. ನಮ್ಮಪ್ಪನ ಪುಟ ಬಂತು. ಓದಿ ಮುಗ್ಸಿ, 'ಅಜ್ಜೀ, ಮುತ್ತಾತ ಯಾವಾಗ್ಲೂ ನಗ್ತಾನೇ ಇದ್ರಾ?' ಅಂದ್ಲು.

ಹೂಂ ಕಣವ್ವ ಅಂದೆ. ಇಲ್ಲ ಅಂತ ತೋರ್ಸಕ್ಕೆ ನನ್ನತಾವ ಏನೂ ಇರ್ನಿಲ್ಲ.

ಗುರುಬಸಮ್ಮ